ಆಕೆ ಒಬ್ಬಳೇ ಹಾಡಿದಾಗ ಕಿವಿ ಎಲ್ಲಿತ್ತು?

ಸತ್ತವರನ್ನು ಹೊಗಳುವುದಕ್ಕೆ ಖರ್ಚೇನೂ ಇಲ್ಲ. 2022ರ ನವೆಂಬರ್ 30ರಂದು ಇಂಗ್ಲೆಂಡಿನ ಗಾಯಕಿ ಕ್ರಿಸ್ಟೀನ್ ಮ್ಯಾಕ್‌ವೀ ತನ್ನ 79ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಹೊಗಳಿಕೆ ಧಾರಾಳವಾಗಿಯೇ ಹರಿಯಿತು. ಫ್ಲೀಟ್‌ವುಡ್ ಮ್ಯಾಕ್ ಎಂಬ ಜಗತ್ಪ್ರಸಿದ್ಧ ರಾಕ್ ತಂಡದ ಬೆನ್ನೆಲುಬು ಎಂದರು, ಜಗಳಗಂಟರ ನಡುವೆ ತಣ್ಣಗೆ ಇದ್ದ ಹೆಂಗಸು ಎಂದರು, ತಂಡದ ಯಾವ ಯಾವ ಹಾಡು ಆಕೆಯದು ಎಂದು ಪಟ್ಟಿ ಕೊಟ್ಟರು. ಎಲ್ಲ ಮುಗಿದ ಮೇಲೆ ಕೊನೆಯಲ್ಲಿ, ಆಕೆ ತನ್ನ ಹೆಸರಿನಲ್ಲಿಯೂ ಕೆಲವು ಆಲ್ಬಮ್‌ಗಳನ್ನು ತಂದಿದ್ದಳು ಎಂದು ಒಂದು ಸಾಲು. ಮದುವೆಯೂಟವನ್ನೆಲ್ಲ ಬಣ್ಣಿಸಿ ಕಡೆಗೆ ಉಪ್ಪಿನಕಾಯಿಯೂ ಇತ್ತು ಎಂದ ಹಾಗೆ. ನಾನು ಓದಿದ ಐದಾರು ಶ್ರದ್ಧಾಂಜಲಿಗಳಲ್ಲಿ ಈ ಸಾಲು ಹೆಚ್ಚು ಕಡಿಮೆ ಇದೇ ಜಾಗದಲ್ಲಿ, ಇದೇ ಉದಾಸೀನದಲ್ಲಿ ಕೂತಿತ್ತು.

ನನ್ನ ತಕರಾರು ಈ ಒಂದು ಸಾಲಿನ ಮೇಲೆ.

ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳಿಕೊಂಡು, ಸಂಜೆ ಮಾರ್ಕೆಟ್ಟಿನಿಂದ ಸೊಪ್ಪು ತರುವ ಹೆಂಗಸಿಗೆ ಪರದೇಶದ ರಾಕ್ ಗಾಯಕಿಯ ಲೆಕ್ಕಾಚಾರ ಏಕೆ ಎಂದು ನಮ್ಮ ಸ್ಟಾಫ್ ರೂಮಿನಲ್ಲೇ ಕೇಳಿದವರಿದ್ದಾರೆ. ಬಿ.ಎಡ್. ಹಾಸ್ಟೆಲಿನಲ್ಲಿ ಕೈಯಿಂದ ಕೈಗೆ ಓಡಾಡುತ್ತಿದ್ದ ಒಂದು ಕ್ಯಾಸೆಟ್ಟಿನಿಂದ ನನಗೂ ಆ ದನಿಗೂ ಪರಿಚಯ. ಮೂವತ್ತು ವರ್ಷ ಜೊತೆಗಿದ್ದ ದನಿಯ ಪರವಾಗಿ ಒಂದು ಮಾತು ಆಡುವ ಹಕ್ಕು ನನಗೆ ಇದೆ ಎಂದುಕೊಂಡಿದ್ದೇನೆ. ಇನ್ನು, ರಾಕ್ ಎಂದ ಕೂಡಲೇ ಕೂದಲು ಕೆದರಿ ಕಿರುಚುವುದು ಎಂದು ತಿಳಿದವರು ಈಕೆಯನ್ನು ಒಮ್ಮೆ ಕೇಳಬೇಕು. ಮಂದ್ರದಲ್ಲಿ ಆರಾಮವಾಗಿ ಕೂರುವ, ಸ್ವಲ್ಪ ಹೊಗೆ ಹಿಡಿದಂಥ ಕಂಠ. ಏರಿಸಬೇಕಾದ ಕಡೆಯೂ ಏರಿಸದೆ, ಮಾತಾಡಿದ ಹಾಗೆ ಹಾಡಿ ಮುಗಿಸುತ್ತಾಳೆ.

ಮೊದಲು ಆಕೆ ಯಾರು ಎಂಬುದನ್ನು ಹೇಳಿಬಿಡುತ್ತೇನೆ. ಹುಟ್ಟಿದ್ದು 1943ರ ಜುಲೈ 12ರಂದು. ಬೆಳೆದದ್ದು ಬರ್ಮಿಂಗ್‌ಹ್ಯಾಮ್ ಪಕ್ಕದ ಸ್ಮೆದಿಕ್‌ನಲ್ಲಿ. ಹುಟ್ಟುಹೆಸರು ಕ್ರಿಸ್ಟೀನ್ ಪರ್ಫೆಕ್ಟ್. ಪರ್ಫೆಕ್ಟ್ ಎನ್ನುವುದು ನಿಜವಾಗಿಯೂ ಅವರ ಮನೆತನದ ಹೆಸರು, ಇಟ್ಟುಕೊಂಡದ್ದಲ್ಲ. ತಂದೆ ಪಿಟೀಲು ವಾದಕರು, ಸಂಗೀತದ ಮೇಷ್ಟ್ರು. ಹುಡುಗಿ ಶಾಸ್ತ್ರೀಯ ಪಿಯಾನೋ ಕಲಿಯುತ್ತಿದ್ದಳು. ಹದಿನೈದರ ಸುಮಾರಿಗೆ ಅಣ್ಣ ತಂದಿಟ್ಟಿದ್ದ ಫ್ಯಾಟ್ಸ್ ಡೊಮಿನೋ ಹಾಡುಗಳ ಸ್ವರಪುಸ್ತಕ ಕೈಗೆ ಸಿಕ್ಕಿ, ಶಾಸ್ತ್ರೀಯ ಅಲ್ಲಿಗೆ ನಿಂತಿತು. ಆಮೇಲೆ ಬರ್ಮಿಂಗ್‌ಹ್ಯಾಮಿನ ಕಲಾಶಾಲೆಯಲ್ಲಿ ಶಿಲ್ಪಕಲೆ ಓದಿದಳು. ಚಿತ್ರಕಲೆಯ ಟೀಚರ್ ಆಗುವುದು ಉದ್ದೇಶ. ನಮ್ಮ ಕಸುಬಿಗೆ ಬರಬೇಕಾಗಿದ್ದವಳು ತಪ್ಪಿಸಿಕೊಂಡಳು ಎನ್ನಿ. ಲಂಡನ್ನಿನ ದೊಡ್ಡ ಬಟ್ಟೆ ಅಂಗಡಿಯೊಂದರಲ್ಲಿ ಬೀದಿಗೆ ಕಾಣುವ ಗಾಜಿನ ಕಪಾಟುಗಳನ್ನು ಸಿಂಗರಿಸುವ ಕೆಲಸ ಮಾಡುತ್ತಿದ್ದವಳನ್ನು 1967ರಲ್ಲಿ ಹಳೆಯ ಗೆಳೆಯರು ಚಿಕನ್ ಶ್ಯಾಕ್ ಎಂಬ ಬ್ಲೂಸ್ ತಂಡಕ್ಕೆ ಕರೆದುಕೊಂಡರು. ಬ್ಲೂಸ್ ಎಂದರೆ ಅಮೆರಿಕದ ಕರಿಯ ಜನರ ದುಃಖದ ಹಾಡಿನ ಸಂಪ್ರದಾಯ. ಎಟ್ಟಾ ಜೇಮ್ಸ್ ಹಾಡಿ ಹೆಸರಾಗಿದ್ದ ‘ಐಡ್ ರಾದರ್ ಗೋ ಬ್ಲೈಂಡ್’ ಎಂಬುದನ್ನು ಈಕೆ ಹಾಡಿದಾಗ ಅದು 1969ರಲ್ಲಿ ಇಂಗ್ಲೆಂಡಿನ ಪಟ್ಟಿಯಲ್ಲಿ 14ನೆಯ ಸ್ಥಾನಕ್ಕೆ ಬಂತು. ‘ಮೆಲೊಡಿ ಮೇಕರ್’ ಪತ್ರಿಕೆಯ ಓದುಗರು ಆ ವರ್ಷವೂ ಮರುವರ್ಷವೂ ಈಕೆಯನ್ನು ದೇಶದ ಅತ್ಯುತ್ತಮ ಗಾಯಕಿ ಎಂದು ಆರಿಸಿದರು.

ಅಂದರೆ ಫ್ಲೀಟ್‌ವುಡ್ ಮ್ಯಾಕ್ ಸೇರುವ ಮೊದಲೇ ಈಕೆ ಒಬ್ಬಳು ಗಾಯಕಿಯಾಗಿದ್ದಳು. ತಂಡ ಈಕೆಯನ್ನು ಹುಟ್ಟಿಸಲಿಲ್ಲ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

1968ರಲ್ಲಿ ಆಕೆ ಫ್ಲೀಟ್‌ವುಡ್ ಮ್ಯಾಕ್ ತಂಡದ ಜಾನ್ ಮ್ಯಾಕ್‌ವೀಯನ್ನು ಮದುವೆಯಾದಳು. ಗಂಡ ಒಂದು ತಂಡದ ಜೊತೆ ಊರೂರು, ಹೆಂಡತಿ ಇನ್ನೊಂದರ ಜೊತೆ ಊರೂರು. ಸಂಸಾರ ಮಾಡುವುದು ಯಾವಾಗ? ಬಿಟ್ಟವರು ಯಾರು ಎಂದು ಕೇಳುವ ಅಗತ್ಯವಿಲ್ಲ. ದೇಶದ ಅತ್ಯುತ್ತಮ ಗಾಯಕಿ ಎನಿಸಿಕೊಂಡವಳು 1969ರಲ್ಲಿ ತಂಡ ಬಿಟ್ಟು ಮನೆ ನೋಡಿಕೊಳ್ಳಲು ಕೂತಳು. ಅಷ್ಟರಲ್ಲಿ ತಯಾರಾಗಿದ್ದ ಆಕೆಯ ಮೊದಲ ಸ್ವಂತ ಆಲ್ಬಮ್ 1970ರಲ್ಲಿ ‘ಕ್ರಿಸ್ಟೀನ್ ಪರ್ಫೆಕ್ಟ್’ ಎಂಬ ಹೆಸರಿನಲ್ಲಿ ಬಂತು, ಸದ್ದಿಲ್ಲದೆ ಹೋಯಿತು. ಅದೇ ವರ್ಷ ಆಕೆ ಗಂಡನ ತಂಡದಲ್ಲಿ ಪಿಯಾನೋ ನುಡಿಸುವವಳಾಗಿ ಸೇರಿಕೊಂಡಳು.

ಆ ಮೊದಲ ಆಲ್ಬಮ್ಮಿನ ಗತಿ ಕೇಳಿ. 1975ರ ಹೊತ್ತಿಗೆ ಫ್ಲೀಟ್‌ವುಡ್ ಮ್ಯಾಕ್ ಅಮೆರಿಕದಲ್ಲಿ ಮನೆಮಾತಾಯಿತು. ಕೂಡಲೇ, 1976ರಲ್ಲಿ, ಅಲ್ಲಿನ ಕಂಪೆನಿಯೊಂದು ಹಳೆಯ ರೆಕಾರ್ಡನ್ನು ಧೂಳು ಒರೆಸಿ, ಹೊಸ ಹೊದಿಕೆ ಹಾಕಿ ಮಾರುಕಟ್ಟೆಗೆ ಬಿಟ್ಟಿತು. ಹೆಸರು ‘ದ ಲೆಜೆಂಡರಿ ಕ್ರಿಸ್ಟೀನ್ ಪರ್ಫೆಕ್ಟ್ ಆಲ್ಬಮ್’. ಲೆಜೆಂಡರಿ ಎಂದರೆ ದಂತಕಥೆಯಾದದ್ದು! ಆರು ವರ್ಷ ಯಾರೂ ಮೂಸಿ ನೋಡದಿದ್ದದ್ದು ಒಂದೇ ರಾತ್ರಿಯಲ್ಲಿ ದಂತಕಥೆ. ಹಾಡು ಅದೇ, ಕಂಠ ಅದೇ, ಬೆರಳು ಅದೇ. ಬದಲಾದದ್ದು ಆಕೆ ಯಾರ ಮನೆಯವಳು ಎಂಬುದೊಂದೇ.

ಆ ಆಲ್ಬಮ್ಮಿನಲ್ಲಿ ಎಲ್ಲವೂ ಮುತ್ತು ಎನ್ನುವುದಿಲ್ಲ. ಬೇರೆಯವರ ಹಾಡುಗಳೇ ಹೆಚ್ಚು, ಕೆಲವು ಕಡೆ ಹುಡುಗಿ ಇನ್ನೂ ಅಳುಕುತ್ತಿದ್ದಾಳೆ. ಆದರೆ ಆಕೆಯೇ ಬರೆದ ‘ವೆಯ್ಟ್ ಅಂಡ್ ಸೀ’, ‘ನೋ ರೋಡ್ ಈಸ್ ದ ರೈಟ್ ರೋಡ್’ ಈ ಎರಡನ್ನು ಕೇಳಿ. ಎರಡನೆಯದರ ಹೆಸರಿನ ಅರ್ಥ, ಯಾವ ದಾರಿಯೂ ಸರಿಯಾದ ದಾರಿಯಲ್ಲ ಎಂದು. ಇಪ್ಪತ್ತಾರು ವರ್ಷದ, ಆಗ ತಾನೇ ಕೆಲಸ ಬಿಟ್ಟು ಮನೆಯಲ್ಲಿ ಕೂತ ಹೆಂಗಸಿನ ಆಲ್ಬಮ್ಮಿನಲ್ಲಿ ಈ ಹೆಸರಿನ ಹಾಡು ಇದೆ ಎಂಬುದನ್ನು ಒಬ್ಬ ಜೀವನಚರಿತ್ರಕಾರನಾದರೂ ನಿಂತು ಯೋಚಿಸಬೇಡವೇ? ಮುಂದೆ ತಂಡದಲ್ಲಿ ಲಕ್ಷಾಂತರ ಜನ ಮೆಚ್ಚಿದ ಆ ತೂಗುವ ನಡೆ, ಆ ನಿಧಾನ, ಎಲ್ಲದರ ಬೀಜ ಇಲ್ಲಿಯೇ ಇದೆ.

ತಂಡದ ಕಥೆ ನಿಮಗೆ ಗೊತ್ತಿರಬಹುದು, ಬೇಗ ಹೇಳುತ್ತೇನೆ. 1975ರ ಆರಂಭದಲ್ಲಿ ಲಿಂಡ್ಸೀ ಬಕಿಂಗ್‌ಹ್ಯಾಮ್ ಮತ್ತು ಸ್ಟೀವೀ ನಿಕ್ಸ್ ಎಂಬ ಅಮೆರಿಕದ ಜೋಡಿ ತಂಡಕ್ಕೆ ಬಂತು. 1977ರಲ್ಲಿ ‘ರೂಮರ್ಸ್’ ಎಂಬ ಆಲ್ಬಮ್ ಬಂತು. ನಾಲ್ಕು ಕೋಟಿಗೂ ಹೆಚ್ಚು ಪ್ರತಿ ಖರ್ಚಾದ ಆಲ್ಬಮ್ ಅದು. ಅದನ್ನು ಮಾಡುವಾಗ ಕ್ರಿಸ್ಟೀನ್ ಮತ್ತು ಜಾನ್ ಬೇರೆಯಾಗಿದ್ದರು, ಸ್ಟೀವೀ ಮತ್ತು ಲಿಂಡ್ಸೀ ಮುರಿದುಕೊಂಡಿದ್ದರು, ಡ್ರಮ್ಸ್ ನುಡಿಸುವ ಮಿಕ್ ಫ್ಲೀಟ್‌ವುಡ್‌ನ ಸಂಸಾರವೂ ಒಡೆಯುತ್ತಿತ್ತು. ಯಾರು ಯಾರಿಗೆ ಯಾವ ಹಾಡಿನಲ್ಲಿ ಚುಚ್ಚಿದರು ಎಂದು ಜನ ಇಂದಿಗೂ ಗುಸುಗುಸು ಮಾಡುತ್ತಾರೆ. ಆ ಹೆಸರಿನ ಅರ್ಥವೇ ಗುಸುಗುಸು, ಗಾಳಿಸುದ್ದಿ.

ಆ ಗದ್ದಲದಲ್ಲಿ ಈಕೆಯ ಪಾಲು ಎಷ್ಟು? 1988ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ತಂಡದ ಜನಪ್ರಿಯ ಹಾಡುಗಳ ಸಂಗ್ರಹ ತೆಗೆದು ನಾನೇ ಎಣಿಸಿದ್ದೇನೆ. ಹದಿನಾರು ಹಾಡುಗಳಲ್ಲಿ ಎಂಟು ಈಕೆ ಬರೆದದ್ದು ಅಥವಾ ಇನ್ನೊಬ್ಬರ ಜೊತೆ ಸೇರಿ ಬರೆದದ್ದು. ಐದು ಜನರ ತಂಡದಲ್ಲಿ ಸರಿಯಾಗಿ ಅರ್ಧ. ಶಾಂತ ಹೆಂಗಸು ಎಂದರಲ್ಲ, ಆ ಶಾಂತ ಹೆಂಗಸು ಅರ್ಧ ಮನೆಯನ್ನು ಹೊತ್ತಿದ್ದಳು. ‘ಸಾಂಗ್‌ಬರ್ಡ್’ ಎಂಬ ಹಾಡು ಇದೆಯಲ್ಲ, ಅದನ್ನು ಮುದ್ರಿಸಿದ್ದು ಬರ್ಕ್‌ಲಿಯ ಒಂದು ದೊಡ್ಡ ಸಭಾಂಗಣದಲ್ಲಿ. ಪಿಯಾನೋದ ಮುಂದೆ ಆಕೆ, ತಾಳಕ್ಕೆ ಲಿಂಡ್ಸೀಯ ಒಂದು ಗಿಟಾರು, ಮುಂದೆ ಖಾಲಿ ಕುರ್ಚಿಗಳು. ತಂಡದ ಅತಿ ಪ್ರೀತಿಯ ಹಾಡು ಎಂದು ಎಲ್ಲರೂ ಕಣ್ಣೊರೆಸಿಕೊಳ್ಳುವ ಹಾಡಿನಲ್ಲಿ ತಂಡವೇ ಇಲ್ಲ! ಒಬ್ಬಳೇ ಹಾಡಿದರೆ ಈಕೆಯ ಹಾಡು ನಿಲ್ಲುವುದಿಲ್ಲ ಎನ್ನುವವರಿಗೆ ಉತ್ತರ ಅವರ ಮೆಚ್ಚಿನ ಆಲ್ಬಮ್ಮಿನೊಳಗೇ ಇದೆ.

ಈಗ 1984ಕ್ಕೆ ಬರೋಣ. ತಂಡ ಸ್ವಲ್ಪ ಕಾಲ ಸುಮ್ಮನಿದ್ದಾಗ ಆಕೆ ‘ಕ್ರಿಸ್ಟೀನ್ ಮ್ಯಾಕ್‌ವೀ’ ಎಂಬ ಆಲ್ಬಮ್ ತಂದಳು. ಹೆಸರಿನ ವಿಷಯ ಗಮನಿಸಿದಿರಾ? ಮೊದಲ ಸ್ವಂತ ಆಲ್ಬಮ್ಮಿನ ಮೇಲೆ ಅಪ್ಪನ ಮನೆಯ ಹೆಸರು. ಎರಡನೆಯದರ ಮೇಲೆ, ಬಿಟ್ಟು ಎಷ್ಟೋ ವರ್ಷವಾಗಿದ್ದ ಗಂಡನ ಮನೆಯ ಹೆಸರು. ಜನ ಗುರುತಿಸುವುದು ಆ ಹೆಸರಿನಿಂದಲೇ ಆದ್ದರಿಂದ ಬಿಡುವ ಹಾಗಿಲ್ಲ. ಬ್ಯಾಂಕ್ ಪಾಸ್‌ಬುಕ್ಕಿನಲ್ಲೊಂದು, ಸರ್ಟಿಫಿಕೇಟಿನಲ್ಲೊಂದು ಹೆಸರು ಇಟ್ಟುಕೊಂಡು ಓಡಾಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಆಲ್ಬಮ್ಮಿನ ‘ಗಾಟ್ ಎ ಹೋಲ್ಡ್ ಆನ್ ಮಿ’ ಅಮೆರಿಕದ ಮುಖ್ಯ ಪಟ್ಟಿಯಲ್ಲಿ 10ನೆಯ ಸ್ಥಾನ ಮುಟ್ಟಿತು. ‘ಅಡಲ್ಟ್ ಕಂಟೆಂಪರರಿ’ ಎಂಬ ಇನ್ನೊಂದು ಪಟ್ಟಿ ಇದೆ. ಹುಡುಗಾಟದ ವಯಸ್ಸು ದಾಟಿದವರು ಮನೆಯಲ್ಲಿ, ಕಾರಿನಲ್ಲಿ, ಆಫೀಸಿನಲ್ಲಿ ಕೇಳುವ ರೇಡಿಯೋ ಕೇಂದ್ರಗಳ ಪಟ್ಟಿ. ಅಲ್ಲಿ ಈ ಹಾಡು ನಾಲ್ಕು ವಾರ ಮೊದಲ ಸ್ಥಾನದಲ್ಲಿತ್ತು. ನಾಲ್ಕು ವಾರ ಒಂದು ದೇಶದ ಅಡಿಗೆಮನೆಗಳಲ್ಲಿ ಮೊಳಗಿದ ಹಾಡು ಹೇಗೆ ಮರೆತುಹೋಗುತ್ತದೆ? ಬಹಳ ಸುಲಭ. ರಾಕ್ ಸಂಗೀತದ ಇತಿಹಾಸ ಬರೆದವರಲ್ಲಿ ಬಹುಪಾಲು ಗಂಡಸರು, ಅವರು ಅಡಿಗೆಮನೆಯ ರೇಡಿಯೋವನ್ನು ಲೆಕ್ಕಕ್ಕೆ ಇಡಲಿಲ್ಲ. ಅವರ ಭಾಷೆಯಲ್ಲಿ ‘ಮೃದು’ ಎಂಬುದು ಒಂದು ಬೈಗುಳ. ಗಿಟಾರು ಒಡೆದು ಹಾಕಿದವನು ಕ್ರಾಂತಿಕಾರಿ, ಮನೆಗೆಲಸದ ನಡುವೆ ಗುನುಗಲು ಬರುವ ಹಾಡು ಕಟ್ಟಿದವಳು ಹಿತವಾದ ಹೆಂಗಸು.

ಆ ಒಂದು ಹಾಡಾದರೂ ಪಟ್ಟಿಯಲ್ಲಿ ಉಳಿಯಿತು, ಪಕ್ಕದಲ್ಲಿದ್ದವುಗಳಿಗೆ ಅದೂ ಇಲ್ಲ. ‘ದ ಚಾಲೆಂಜ್’ ಎಂಬ ಹಾಡಿನಲ್ಲಿ ಎರಿಕ್ ಕ್ಲಾಪ್ಟನ್ ಗಿಟಾರ್ ನುಡಿಸಿದ್ದಾನೆ. ಆತನ ಹೆಸರಿದ್ದೂ ಆ ಹಾಡನ್ನು ಯಾರೂ ನೆನೆಯುವುದಿಲ್ಲ ಎಂದರೆ ಉದಾಸೀನ ಎಷ್ಟು ಗಟ್ಟಿ ನೋಡಿ. ‘ಆಸ್ಕ್ ಎನಿಬಡಿ’ಯನ್ನು ಆಕೆ ಸ್ಟೀವ್ ವಿನ್‌ವುಡ್ ಜೊತೆ ಬರೆದಳು. ಅರ್ಧ ಒಳ್ಳೆಯವನು, ಅರ್ಧ ಕೇಡಿಗನಾದ ಒಬ್ಬ ಗಂಡಸಿನ ಬಗ್ಗೆ ಇರುವ ಹಾಡು. ಇಂಥವನ ಬಗ್ಗೆ ಹಾಡುವಾಗ ಒಂದೋ ಗೋಳು, ಇಲ್ಲ ಶಾಪ, ಇಷ್ಟೇ ನಮಗೆ ಗೊತ್ತಿರುವುದು. ಈಕೆ ಎರಡನ್ನೂ ಮಾಡುವುದಿಲ್ಲ. ಅವನು ಏನು ಎಂಬುದು ತನಗೂ ಗೊತ್ತು, ಊರಿಗೂ ಗೊತ್ತು, ಆದರೂ ಮನಸ್ಸು ಅಲ್ಲೇ ಸುತ್ತುತ್ತದೆ, ಎಂಬುದನ್ನು ಮುಜುಗರವಿಲ್ಲದೆ ಹಾಡುತ್ತಾಳೆ. ತನ್ನನ್ನೇ ಸ್ವಲ್ಪ ನೋಡಿ ನಕ್ಕಂತಿರುತ್ತದೆ ಆ ದನಿ. ತಂಡದಲ್ಲಿ ಈ ಹಾಡಿಗೆ ಜಾಗವೇ ಸಿಗುತ್ತಿರಲಿಲ್ಲ ಎಂದು ನನ್ನ ಗುಮಾನಿ. ಅಲ್ಲಿ ಪ್ರತಿ ಹಾಡನ್ನೂ ಇನ್ನಿಬ್ಬರ ಹಾಡುಗಳ ಎದುರು ನಿಲ್ಲಿಸಬೇಕು, ಕಳೆಗಟ್ಟಬೇಕು. ಇಲ್ಲಿ ಆಕೆಗೆ ಅವಸರವಿಲ್ಲ.

ಕೊನೆಯಲ್ಲಿ ‘ದ ಸ್ಮೈಲ್ ಐ ಲಿವ್ ಫಾರ್’ ಬರುತ್ತದೆ. ಇದಕ್ಕಾಗಿ ನಾನು ಜಗಳಕ್ಕೂ ಸಿದ್ಧ. ಆಲ್ಬಮ್ಮಿನ ಉಳಿದ ಹಾಡುಗಳ ಥಳಕು ಇಲ್ಲಿಗೆ ಬರುವಾಗ ಕಳಚಿ ಬೀಳುತ್ತದೆ. ನಿಧಾನವಾದ ಹಾಡು, ದನಿ ಕೆಳಗೇ ಉಳಿಯುತ್ತದೆ. ಸಂತೋಷದ ಹಾಡೋ ದುಃಖದ್ದೋ ಎಂದು ಕೇಳಿದರೆ ನಾನು ಇವತ್ತಿಗೂ ಹೇಳಲಾರೆ. ಹೆಸರಿನಲ್ಲಿ ನಗು ಇದೆ, ದನಿಯಲ್ಲಿ ಆ ನಗು ಎಷ್ಟು ದಿನ ಇದ್ದೀತು ಎಂಬ ಭಯ ಇದೆ. ‘ಸಾಂಗ್‌ಬರ್ಡ್’ ಪಕ್ಕದಲ್ಲಿ ಇಡಬಹುದಾದ ಹಾಡು ಎಂದರೆ ತಂಡದ ಅಭಿಮಾನಿಗಳು ಹುಬ್ಬು ಗಂಟಿಕ್ಕುತ್ತಾರೆ. ಗಂಟಿಕ್ಕಲಿ. ‘ಸಾಂಗ್‌ಬರ್ಡ್’ ಕೊಡುವವಳ ಹಾಡು. ಮೂವತ್ತೆರಡರ ಹೆಂಗಸು ಎಲ್ಲರಿಗೂ ಒಳ್ಳೆಯದಾಗಲಿ ಎನ್ನುತ್ತಾಳೆ. ಇದು ನಲವತ್ತರ ಹೆಂಗಸು ತನಗೆ ಬೇಕಾದದ್ದನ್ನು ಕೇಳುವ ಹಾಡು. ಕೊಡುವ ಹೆಂಗಸನ್ನು ಲೋಕ ಕುಣಿದು ಮೆಚ್ಚುತ್ತದೆ, ಕೇಳುವವಳ ಹಾಡು ಬಂದಾಗ ಅದಕ್ಕೆ ಬೇರೆ ಕೆಲಸ ಇರುತ್ತದೆ.

ನನ್ನ ಎದುರು ಪಕ್ಷದವರ ಮಾತನ್ನೂ ಹೇಳದಿದ್ದರೆ ತಪ್ಪಾದೀತು. ಈ ಆಲ್ಬಮ್ ಆ ಕಾಲದ ಮಾರುಕಟ್ಟೆಯ ಹೊಳಪಿನಲ್ಲಿ ಮುಳುಗಿದೆ, ಎಲ್ಲ ನಯವಾಗಿ ಉಜ್ಜಿಟ್ಟ ಹಾಗಿದೆ ಎನ್ನುತ್ತಾರೆ. ನಿಜ. ‘ಸೋ ಎಕ್ಸೈಟೆಡ್’ ಬಂದಾಗ ನಾನೂ ಮುಂದಕ್ಕೆ ಓಡಿಸುತ್ತೇನೆ. ಕೆಲವು ಹಾಡುಗಳನ್ನು ಆಕೆ ಬರೆದದ್ದೇ ಅಲ್ಲ, ಗಿಟಾರಿನ ಟಾಡ್ ಶಾರ್ಪ್ ಬರೆದದ್ದು, ಬಹಳಷ್ಟನ್ನು ಅವನ ಜೊತೆ ಸೇರಿ ಬರೆದದ್ದು ಎನ್ನುತ್ತಾರೆ. ಅದೂ ನಿಜ. ಆದರೆ ಇದೇ ಜನ ತಂಡದೊಳಗೆ ಇಬ್ಬರು ಸೇರಿ ಒಂದು ಹಾಡು ಕಟ್ಟಿದರೆ ಆಹಾ ಎಂಥ ಹೊಂದಾಣಿಕೆ ಎನ್ನುತ್ತಾರೆ. ಹೊರಗೆ ಅದನ್ನೇ ಮಾಡಿದರೆ, ಪಾಪ, ಆಕೆಗೆ ಇನ್ನೊಬ್ಬರ ಸಹಾಯ ಬೇಕಾಯಿತು ಎನ್ನುತ್ತಾರೆ. ಒಂದೇ ತಕ್ಕಡಿಗೆ ಎರಡು ಬಟ್ಟು ಹಾಕಿ ತೂಗುವ ಅಂಗಡಿಯವನ ಹತ್ತಿರ ನಾವು ಮರುದಿನ ಹೋಗುತ್ತೇವೆಯೇ?

ಇನ್ನೊಂದು ವಾದ ಇದೆ, ಸ್ಟೀವೀ ನಿಕ್ಸ್‌ಳನ್ನು ತಂದು ಪಕ್ಕದಲ್ಲಿ ನಿಲ್ಲಿಸುವುದು. ಸ್ಟೀವೀಯ ‘ಬೆಲ್ಲಾ ಡೊನ್ನಾ’ 1981ರಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಹೋಯಿತು, ಕ್ರಿಸ್ಟೀನಳದು 26ರ ಮೇಲೆ ಏರಲಿಲ್ಲ, ಆದ್ದರಿಂದ ಈಕೆಗೆ ಒಬ್ಬಳೇ ನಿಲ್ಲುವ ಛಲ ಇರಲಿಲ್ಲ ಎಂದು ತೀರ್ಪು. ಇದು ನನಗೆ ಚೂರೂ ಹಿಡಿಸದ ಆಟ. ಸ್ಟೀವೀಯನ್ನು ತಂಡಕ್ಕೆ ಸೇರಿಸಿಕೊಳ್ಳುವ ಮುಂಚೆ ಮಿಕ್ ಫ್ಲೀಟ್‌ವುಡ್ ಕೇಳಿದ್ದು ಕ್ರಿಸ್ಟೀನಳ ಒಪ್ಪಿಗೆಯನ್ನು. ಇನ್ನೊಬ್ಬ ಹೆಂಗಸು ಬರುತ್ತಾಳೆ, ನಿನಗೆ ಸರಿಯೇ ಎಂದು. ಈಕೆ ಹೂಂ ಎಂದಳು. ಕೊನೆಯವರೆಗೂ ಇಬ್ಬರೂ ಗೆಳತಿಯರಾಗಿಯೇ ಇದ್ದರು. ಅವರಿಬ್ಬರಿಗೂ ಇಲ್ಲದ ಸ್ಪರ್ಧೆ ಕೇಳುಗರಿಗೆ ಏಕೆ? ಒಂದು ತಂಡದಲ್ಲಿ ನಾಲ್ಕು ಗಂಡಸರಿದ್ದರೆ ನಾಲ್ಕು ಜನ ಪ್ರತಿಭಾವಂತರು, ಇಬ್ಬರು ಹೆಂಗಸರಿದ್ದರೆ ಒಬ್ಬಳು ಹೆಚ್ಚು, ಒಬ್ಬಳು ಕಡಿಮೆ. ಇದನ್ನು ವಿಮರ್ಶೆ ಎನ್ನುವುದಿಲ್ಲ, ಓರಗಿತ್ತಿಯರನ್ನು ಜಗಳಕ್ಕೆ ಹಚ್ಚುವುದು ಎನ್ನುತ್ತಾರೆ.

ಆದರೆ ನನಗೆ ನಿಜವಾಗಿ ಹೊಟ್ಟೆ ಉರಿಯುವುದು 2004ರ ವಿಷಯಕ್ಕೆ.

1998ರಲ್ಲಿ ಆಕೆ ತಂಡ ಬಿಟ್ಟಿದ್ದಳು. ವಿಮಾನ ಹತ್ತುವ ಭಯ ಅತಿಯಾಗಿತ್ತು, ಊರೂರು ಸುತ್ತುವ ಬದುಕು ಸಾಕಾಗಿತ್ತು. ಇಂಗ್ಲೆಂಡಿನ ಕೆಂಟ್ ಪ್ರಾಂತದ ಹಳ್ಳಿಯೊಂದರಲ್ಲಿ ಹಳೆಯ ಮನೆ ಕೊಂಡು ರಿಪೇರಿ ಮಾಡಿಸಿಕೊಂಡು ಇದ್ದಳು. ಎಡ್ಡಿ ಕ್ವಿಂಟೆಲಾ ಎಂಬ ಸಂಗೀತಗಾರನ ಜೊತೆ 1986ರಲ್ಲಿ ಆಗಿದ್ದ ಎರಡನೆಯ ಮದುವೆಯೂ 2003ರಲ್ಲಿ ಮುರಿಯಿತು. ಮನೆಯ ಪಕ್ಕದ ಕಣಜದ ಕಟ್ಟಡವನ್ನೇ ಸ್ಟುಡಿಯೋ ಮಾಡಿಕೊಂಡು, ಅಣ್ಣನ ಮಗ ಡ್ಯಾನ್ ಪರ್ಫೆಕ್ಟ್‌ನನ್ನು ಜೊತೆಗಿಟ್ಟುಕೊಂಡು, ಆಕೆ ‘ಇನ್ ದ ಮೀನ್‌ಟೈಮ್’ ಎಂಬ ಆಲ್ಬಮ್ ಮಾಡಿದಳು. ಅಂದರೆ, ಈ ನಡುವೆ. ಹನ್ನೆರಡು ಹಾಡುಗಳು. ಕೆಲವು ಹಾಡುಗಳ ಹೆಸರನ್ನು ಮಾತ್ರ ಕನ್ನಡದಲ್ಲಿ ಹೇಳುತ್ತೇನೆ, ಕೇಳಿ: ಸ್ನೇಹಿತ, ಕೆಟ್ಟ ಪ್ರಯಾಣ, ಅಪವಾದ, ಸುಳ್ಳುಗಾರ, ಸಿಹಿಯಾದ ಸೇಡು, ಕ್ಷಮೆ, ವಾಪಸು ಕೊಡುವುದು. ಈ ಹೆಸರುಗಳನ್ನು ಸಾಲಾಗಿ ಓದಿದರೆ ಸಾಕು, ಐವತ್ತು ದಾಟಿದ ಯಾವ ಹೆಂಗಸಿಗಾದರೂ ಒಳಗೇನಿದೆ ಎಂದು ಅಂದಾಜಾದೀತು.

1977ರಲ್ಲಿ ಮುರಿದ ಮದುವೆಗಳ ಹಾಡು ಎಂದು ಲೋಕಕ್ಕೆ ಲೋಕವೇ ‘ರೂಮರ್ಸ್’ ಕೊಂಡಿತು. 2004ರಲ್ಲಿ ಅದೇ ಹೆಂಗಸು, ಮತ್ತೊಂದು ಮದುವೆ ಮುರಿದ ಮೇಲೆ, ಅದಕ್ಕಿಂತ ಮಾಗಿದ ದನಿಯಲ್ಲಿ, ಬಿಟ್ಟುಹೋಗುವುದರ ಬಗ್ಗೆ, ಮೋಸದ ಬಗ್ಗೆ, ಕ್ಷಮಿಸುವುದರ ಬಗ್ಗೆ ಹಾಡಿದಳು. ಒಂದು ನರಪಿಳ್ಳೆ ತಿರುಗಿ ನೋಡಲಿಲ್ಲ. ವಿಷಯ ಅದೇ. ಹಾಡುವವಳೂ ಅವಳೇ. ವ್ಯತ್ಯಾಸ ಎರಡೇ. ಆಗ ಅವಳಿಗೆ ಮೂವತ್ತಮೂರು, ಈಗ ಅರವತ್ತೊಂದು. ಆಗ ಸುತ್ತ ಗಂಡಸರಿದ್ದರು, ಆ ಜಗಳದಲ್ಲಿ ಅವರೂ ಪಾತ್ರಧಾರಿಗಳು. ಈಗ ಒಬ್ಬಳೇ. ಮೂವತ್ತಮೂರರ ಹೆಂಗಸಿನ ಮುರಿದ ಸಂಸಾರ ರೋಚಕ ಕಥೆ, ಅರವತ್ತೊಂದರವಳದು ಯಾರಿಗೆ ಬೇಕು? ಆ ವಯಸ್ಸಿನಲ್ಲಿ ಸಿಟ್ಟು, ಸೇಡು, ಆಸೆ ಇವೆಲ್ಲ ಇರುತ್ತವೆ ಎಂಬುದನ್ನೇ ಒಪ್ಪಲು ಜನ ತಯಾರಿಲ್ಲ. ಮೊಮ್ಮಕ್ಕಳಿಗೆ ಜೋಗುಳ ಹಾಡಿದ್ದರೆ ಬಹುಶಃ ಮೆಚ್ಚುತ್ತಿದ್ದರೇನೋ.

ಆಕೆ ಊರೂರು ತಿರುಗಿ ಪ್ರಚಾರ ಮಾಡಲಿಲ್ಲ, ಅದಕ್ಕೇ ಮಾರಾಟವಾಗಲಿಲ್ಲ ಎನ್ನುವವರಿದ್ದಾರೆ. ಮಾರಾಟವಾಗದಿರುವುದಕ್ಕೆ ಅದು ಕಾರಣವಾದೀತು. ಆದರೆ ಸಂಗೀತದ ಬಗ್ಗೆ ಬರೆಯುವುದನ್ನೇ ಉದ್ಯೋಗ ಮಾಡಿಕೊಂಡವರು ಕೇಳದಿರುವುದಕ್ಕೆ? ಅವರ ಮೇಜಿಗೆ ಹಾಡು ನಡೆದುಕೊಂಡು ಬರಬೇಕಾಗಿರಲಿಲ್ಲ. ‘ಫ್ರೆಂಡ್’ ಕೇಳಿದ್ದರೆ ಅವರಿಗೆ ತಿಳಿಯುತ್ತಿತ್ತು. ಸಂಬಂಧ ಮುಗಿದಿದೆ, ಇನ್ನು ಸ್ನೇಹವಾದರೂ ಉಳಿದೀತೇ ಎಂಬ ವಿಷಯ. ಇದರಲ್ಲಿ ಅಂಗಲಾಚುವುದಿಲ್ಲ, ಕೆಣಕುವುದಿಲ್ಲ. ದಿನನಿತ್ಯದ ವ್ಯವಹಾರ ಮಾತಾಡಿದ ಹಾಗೆ ಹಾಡುತ್ತಾಳೆ, ಆ ವ್ಯವಹಾರದ ದನಿಯೇ ಎದೆಗೆ ತಾಕುತ್ತದೆ. ‘ನಾರ್ದರ್ನ್ ಸ್ಟಾರ್’ ಇನ್ನೂ ಕತ್ತಲೆಯ ಹಾಡು. ಉತ್ತರದ ನಕ್ಷತ್ರ, ದಾರಿ ತೋರಿಸುವ ನಕ್ಷತ್ರ. ಮೂವತ್ತನಾಲ್ಕು ವರ್ಷದ ಹಿಂದೆ ಯಾವ ದಾರಿಯೂ ಸರಿಯಿಲ್ಲ ಎಂದು ಬರೆದಿದ್ದವಳು ಈಗ ನಕ್ಷತ್ರದ ಹಾಡು ಹಾಡುತ್ತಾಳೆ. ಇವೆರಡನ್ನು ಒಟ್ಟಿಗಿಟ್ಟು ನೋಡಲು ಇವೆರಡೂ ಇವೆ ಎಂದಾದರೂ ಗೊತ್ತಿರಬೇಕಲ್ಲ.

2014ರಲ್ಲಿ ಆಕೆ ತಂಡಕ್ಕೆ ಮರಳಿದಾಗ ಪತ್ರಿಕೆಗಳು ಆಕೆ ಮನೆಗೆ ಬಂದಳು ಎನ್ನುವ ಧಾಟಿಯಲ್ಲಿ ಬರೆದವು. ಅಲ್ಲಿಯವರೆಗೆ ಹದಿನಾರು ವರ್ಷ ಆಕೆ ಎಲ್ಲಿದ್ದಳು, ಬೀದಿಯಲ್ಲಿಯೇ? ಆಕೆ ತನ್ನ ಮನೆಯಲ್ಲೇ ಇದ್ದಳು, ಒಂದು ಆಲ್ಬಮ್ ಕೂಡ ಮಾಡಿದ್ದಳು.

ನನ್ನ ವಾದವೆಲ್ಲ ಅಭಿಮಾನಿಯ ಹಟ ಎಂದು ಯಾರಾದರೂ ತಳ್ಳಿಹಾಕುವುದಾದರೆ, ಆಕೆಯ ಸಾಕ್ಷ್ಯವನ್ನೇ ಮುಂದಿಡುತ್ತೇನೆ. ಸಾಯುವುದಕ್ಕೆ ಐದು ತಿಂಗಳ ಮೊದಲು, 2022ರ ಜೂನ್‌ನಲ್ಲಿ, ಗ್ಲಿನ್ ಜಾನ್ಸ್ ಎಂಬ ಹಿರಿಯ ನಿರ್ಮಾಪಕರ ಜೊತೆ ಸೇರಿ ಆಕೆ ತನ್ನ ಸ್ವಂತ ಹಾಡುಗಳ ಒಂದು ಸಂಗ್ರಹ ತಂದಳು. ಹಳೆಯ ಮುದ್ರಣಗಳನ್ನು ಬಿಚ್ಚಿ ಹೊಸದಾಗಿ ಹೊಂದಿಸಿದ್ದರು. 1984ರ ಹೊಳಪಿನ ಕೆಳಗೆ ಹಾಡು ಇದೆಯೇ ಎಂದು ಅನುಮಾನಪಟ್ಟವರು ಇದರಲ್ಲಿ ‘ಆಸ್ಕ್ ಎನಿಬಡಿ’ಯನ್ನು ಮತ್ತೆ ಕೇಳಬಹುದು. ಒಟ್ಟು ಹತ್ತು ಹಾಡು. ಅದರಲ್ಲಿ ಐದು, ಸರಿಯಾಗಿ ಅರ್ಧ, ಯಾರೂ ಕೇಳದ 2004ರ ಆಲ್ಬಮ್ಮಿನವು. 1984ರ ಆಲ್ಬಮ್ಮಿನಿಂದ ಎರಡು, ‘ದ ಚಾಲೆಂಜ್’ ಮತ್ತು ‘ಆಸ್ಕ್ ಎನಿಬಡಿ’. ಹತ್ತನೆಯ ಸ್ಥಾನ ಮುಟ್ಟಿದ ಆ ಜನಪ್ರಿಯ ಹಾಡನ್ನು ಆಕೆ ಸೇರಿಸಲೇ ಇಲ್ಲ! ಇನ್ನೆರಡು ಅಲ್ಲಿಯವರೆಗೆ ಹೊರಬರದೆ ಪೆಟ್ಟಿಗೆಯಲ್ಲಿದ್ದವು. ಅವುಗಳಲ್ಲಿ ‘ಸ್ಲೋ ಡೌನ್’ ಎಂಬುದು 1985ರ ಸೈಕಲ್ ಪಂದ್ಯದ ಚಿತ್ರ ‘ಅಮೆರಿಕನ್ ಫ್ಲೈಯರ್ಸ್’ಗಾಗಿ ಬರೆದದ್ದು. ಚಿತ್ರದವರು ಬಳಸಲಿಲ್ಲ, ಮೂವತ್ತೇಳು ವರ್ಷ ಅದು ಕತ್ತಲೆಯಲ್ಲಿ ಕೂತಿತ್ತು.

ತನ್ನ ಇಡೀ ಬದುಕಿನಿಂದ ಹತ್ತು ಹಾಡು ಎತ್ತಿಕೊಡು ಎಂದಾಗ ಎಪ್ಪತ್ತೆಂಟರ ಆ ಹೆಂಗಸು ಗೆದ್ದದ್ದನ್ನು ಬಿಟ್ಟು, ಕಡೆಗಣಿಸಿದ್ದನ್ನೇ ಎತ್ತಿಕೊಟ್ಟಳು. ಇಷ್ಟು ಸ್ಪಷ್ಟವಾಗಿ ಬೆರಳು ತೋರಿಸಿದ ಮೇಲೂ ಆರು ತಿಂಗಳೊಳಗೆ ಶ್ರದ್ಧಾಂಜಲಿ ಬರೆದವರು ಆ ಬೆರಳಿನ ದಿಕ್ಕಿಗೆ ನೋಡಲಿಲ್ಲ.

ಆದರೆ ಆ ಸಂಗ್ರಹದ ಹೆಸರೇನು ಗೊತ್ತೇ? ‘ಸಾಂಗ್‌ಬರ್ಡ್’. ಹತ್ತನೆಯ ಹಾಡಾಗಿ ಆ ತಂಡದ ಕಾಲದ ಹಾಡು, ಹಳೆಯ ಕಂಠಕ್ಕೆ ವಿನ್ಸ್ ಮೆಂಡೋಜಾ ಹೊಸದಾಗಿ ಕಟ್ಟಿದ ವಾದ್ಯವೃಂದ. 2023ರಲ್ಲಿ ಆ ವಾದ್ಯ ಸಂಯೋಜನೆಗೆ ಗ್ರ್ಯಾಮಿ ಪ್ರಶಸ್ತಿ ಬಂತು. ಚೆನ್ನಾಗಿಯೇ ಇದೆ, ನಾನು ಅಲ್ಲಗಳೆಯುವುದಿಲ್ಲ. ಆದರೂ ಉಳಿದ ಒಂಬತ್ತು ಹಾಡುಗಳು ಬಾಗಿಲು ದಾಟಿ ಒಳಗೆ ಬರಲು ಆ ಒಂದು ಹಾಡಿನ ಹೆಸರನ್ನು ಚೀಟಿಯ ಹಾಗೆ ತೋರಿಸಬೇಕಾಯಿತು. ಪ್ರಶಸ್ತಿ ಬಂದದ್ದೂ ಚೀಟಿಗೇ.

ಈಗ ಇವೆಲ್ಲ ಮೊಬೈಲಿನಲ್ಲಿ ಸಿಗುತ್ತವೆ. ಆಕೆಯ ಹೆಸರು ಬರೆದರೆ ನನ್ನ ಮಗನ ಮೊಬೈಲು ಮೊದಲು ತಂಡದ ಹಾಡುಗಳನ್ನೇ ತಂದು ಸುರಿಯುತ್ತದೆ, ಕೆಳಗೆ ಕೆಳಗೆ ತಳ್ಳಿಕೊಂಡು ಹೋಗಬೇಕು. ಹೋಗಿ. ರಾತ್ರಿ ಊಟದ ಪಾತ್ರೆ ತೊಳೆದಿಟ್ಟು, ಟೀವಿ ಆರಿಸಿ, ಮೊದಲು ‘ಫ್ರೆಂಡ್’ ಹಾಕಿ, ಆಮೇ‌ಲೆ ‘ಆಸ್ಕ್ ಎನಿಬಡಿ’, ಆಮೇಲೆ ‘ನಾರ್ದರ್ನ್ ಸ್ಟಾರ್’. ‘ದ ಸ್ಮೈಲ್ ಐ ಲಿವ್ ಫಾರ್’ ಮಾತ್ರ ಆ ಕೊನೆಯ ಸಂಗ್ರಹದಲ್ಲಿ ಸಿಗುವುದಿಲ್ಲ, 1984ರ ಆಲ್ಬಮ್ಮಿಗೇ ಹೋಗಿ ಹುಡುಕಬೇಕು. ಹತ್ತರಲ್ಲಿ ಅದಕ್ಕೆ ಜಾಗ ಕೊಡದ ವಿಷಯದಲ್ಲಿ ನನಗೆ ಕ್ರಿಸ್ಟೀನಳ ಮೇಲೆಯೇ ತಕರಾರಿದೆ.